ಜೋಳದ ಹೊಲದ ನೆರೆಹೊರೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಹೊತ್ತು ಕಳೆಯುವ ವಾಣಿಜ್ಯ ಪದವೀಧರನೊಬ್ಬ ಪೈರು ಮತ್ತು ಕಳೆಗಳ ವಿಷಯವಾಗಿ ಮಾತನಾಡಲು ನಿಂತಿರುವುದು ತಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಇಲ್ಲಿ ಕುಳಿತವರಲ್ಲಿ ಬಹುಮಂದಿಗೆ ಊರಿನಲ್ಲಿ ಇನ್ನೂ ಎರಡು ಎಕರೆಯೋ ನಾಲ್ಕು ಎಕರೆಯೋ ಭೂಮಿಯುಂಟು. ಅಣ್ಣನೋ ತಮ್ಮನೋ ಅದನ್ನು ನೋಡಿಕೊಳ್ಳುತ್ತಿರುತ್ತಾನೆ, ಇಲ್ಲವೇ ಪಾಲಿಗೆ ಕೊಟ್ಟಿರುತ್ತೇವೆ. ಮುಂಬಯಿಯಿಂದ ಆ ಭೂಮಿಗೆ ನಾವು ಕಳಿಸುವುದು ಹಣವೊಂದನ್ನೇ. ಆ ಹಣ ಯಾವ ವಾರ ಹೋಗಬೇಕು ಎಂಬ ಪ್ರಶ್ನೆಗೆ ಸಸ್ಯವಿಜ್ಞಾನವು ಈಚಿನ ದಶಕಗಳಲ್ಲಿ ಒಂದು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಆ ಉತ್ತರವನ್ನು ತಮ್ಮ ಮುಂದೆ ಇಡುವುದಷ್ಟೇ ನನ್ನ ಉದ್ದೇಶ. ವಿಷಯವನ್ನು ಬಲ್ಲವರು ಇಲ್ಲಿದ್ದರೆ ನನ್ನ ಸರಳ ಮಾತನ್ನು ಮನ್ನಿಸಬೇಕು.

ರಾಜ್ಯೋತ್ಸವದ ದಿನ ನಾವು ಇಲ್ಲಿ ಧ್ವಜವೇರಿಸಿ ಹಾಡು ಹೇಳುವ ಹೊತ್ತಿಗೆ, ವಿಜಯಪುರ, ಬಾಗಲಕೋಟೆ, ಕಲಬುರಗಿಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಎಳೆಯ ಪೈರಾಗಿ ನಿಂತಿರುತ್ತದೆ. ಸೆಪ್ಟೆಂಬರ ನಡುವಿನಿಂದ ಅಕ್ಟೋಬರ ನಡುವಿನವರೆಗೆ ಬಿತ್ತಿದ ಬೀಜ ನವೆಂಬರ 1ಕ್ಕೆ ಸುಮಾರು ಎರಡೂವರೆಯಿಂದ ಆರೂವರೆ ವಾರದ ಕೂಸು. ಡೋಣಿ ಸಾಲಿನ ಹೊಲಗಳಲ್ಲಿ ಎಡೆಕುಂಟೆ ಹೊಡೆಯುವುದೂ, ಹೆಣ್ಣುಮಕ್ಕಳು ಕುರ್ಪಿ ಹಿಡಿದು ಸಾಲಿನಲ್ಲಿ ಕುಳಿತು ಕಸ ತೆಗೆಯುವುದೂ ಇದೇ ದಿನಗಳಲ್ಲಿ. ನಮ್ಮ ರೊಟ್ಟಿಯ ಭವಿಷ್ಯ ನಿಶ್ಚಯವಾಗುವುದೂ ಇದೇ ದಿನಗಳಲ್ಲಿ.

ಕಳೆ ಎಂದರೇನು? ಪೈರಿನ ನೀರು ಕುಡಿಯುತ್ತದೆ, ಗೊಬ್ಬರ ತಿನ್ನುತ್ತದೆ, ಬೆಳಕು ಕಸಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇದು ನಿಜವೇ. ಆದರೆ ಇಷ್ಟೇ ನಿಜವಾಗಿದ್ದರೆ, ಪೈರೂ ಕಳೆಯೂ ಚಿಕ್ಕದಿರುವಾಗ, ನೆಲದಲ್ಲಿ ಹಸಿ ಸಾಕಷ್ಟಿರುವಾಗ, ಬಿಸಿಲು ಎಲ್ಲರಿಗೂ ಸಾಲುವಾಗ, ಕಳೆಯಿಂದ ಏನೂ ನಷ್ಟವಾಗಬಾರದಷ್ಟೆ? ಅನುಭವ ಬೇರೆಯೇ ಇದೆ. ಮೊದಲ ನಾಲ್ಕೈದು ವಾರ ಕಳೆಯನ್ನು ಹಾಗೆಯೇ ಬಿಟ್ಟು, ಆಮೇಲೆ ಹೊಲವನ್ನು ಕನ್ನಡಿಯಂತೆ ಸ್ವಚ್ಛ ಮಾಡಿದರೂ ಇಳುವರಿ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಅಮೆರಿಕದಲ್ಲಿ ಮೆಕ್ಕೆಜೋಳದ ಮೇಲೆ ಮಾಡಿದ ಪ್ರಯೋಗಗಳಲ್ಲಿಯೂ ಇದೇ ಕಂಡುಬಂದಿತು. ಕಳೆ ಹೋಯಿತು, ಆದರೆ ಪೈರಿನೊಳಗೆ ಅದು ಮಾಡಿದ ಏರ್ಪಾಡು ಹೋಗಲಿಲ್ಲ. ಹಾಗಾದರೆ ಆ ಏರ್ಪಾಡು ಯಾವುದು?

ಇದನ್ನು ತಿಳಿಯಲು ಬೆಳಕಿನ ವಿಷಯ ಎರಡು ಮಾತು ಹೇಳಬೇಕು. ಹಸಿರೆಲೆ ಬಿಸಿಲಿನಲ್ಲಿಯ ಕೆಂಪು ಬೆಳಕನ್ನು ನುಂಗಿ ಆಹಾರ ಮಾಡಿಕೊಳ್ಳುತ್ತದೆ. ಕೆಂಪಿಗೂ ಆಚೆಗೆ, ನಮ್ಮ ಕಣ್ಣಿಗೆ ಕಂಡೂ ಕಾಣದ ಅಂಚಿನಲ್ಲಿ ಇನ್ನೊಂದು ಬೆಳಕುಂಟು. ಅದನ್ನು ದೂರಗೆಂಪು ಎನ್ನೋಣ. ಅದು ಎಲೆಗೆ ಬೇಡ. ಎಲೆ ಅದನ್ನು ಹೊರಕ್ಕೆ ಚೆಲ್ಲಿಬಿಡುತ್ತದೆ. ಬಯಲಿನ ಬಿಸಿಲಿನಲ್ಲಿ ದೂರಗೆಂಪು ಹತ್ತು ಪಾಲಿದ್ದರೆ ಕೆಂಪು ಸುಮಾರು ಹನ್ನೆರಡು ಪಾಲು ಇರುತ್ತದೆ. ದಟ್ಟವಾದ ಎಲೆಗಳ ಅಡಿಯಲ್ಲಿ ಕೆಂಪು ಒಂದೆರಡು ಪಾಲಿಗೆ ಇಳಿಯುತ್ತದೆ. ಈ ಎರಡರ ಪ್ರಮಾಣವನ್ನು ಅಳೆಯುವ ತಕ್ಕಡಿಯೊಂದು ಗಿಡದೊಳಗಿದೆ. ಅದರ ಹೆಸರು ಫೈಟೋಕ್ರೋಮ್. ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮೊದಲಾದವರು 1952ರಲ್ಲಿ ಲೆಟಿಸ್ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗ ಮಾಡಿ ಇದರ ಸುಳಿವು ಹಿಡಿದರು. ಕೆಂಪು ಬೆಳಕು ತೋರಿಸಿದರೆ ಬೀಜ ಮೊಳೆಯುವುದು, ಮರುಕ್ಷಣ ದೂರಗೆಂಪು ತೋರಿಸಿದರೆ ಮೊಳೆಯದು. ಕಡೆಯಲ್ಲಿ ಯಾವುದನ್ನು ತೋರಿಸಿದರೋ ಅದರದೇ ಮಾತು ನಡೆಯುವುದು.

ಇನ್ನು 1990ರಲ್ಲಿ ಅರ್ಜೆಂಟೀನದ ಬಾಯಾರೆ ಮತ್ತು ಅವರ ಸಂಗಡಿಗರು ಒಂದು ಸ್ವಾರಸ್ಯದ ಸಂಗತಿಯನ್ನು ಪ್ರಕಟಿಸಿದರು. ಪಕ್ಕದ ಗಿಡ ನೆರಳು ಮಾಡಬೇಕಾದ ಅಗತ್ಯವೇ ಇಲ್ಲ. ಅದರ ಎಲೆಗಳಿಂದ ಚೆಲ್ಲಿಬಂದ ದೂರಗೆಂಪು ಅಡ್ಡಲಾಗಿ ತನ್ನ ಕಾಂಡಕ್ಕೆ ತಾಗಿದರೆ ಸಾಕು, ನೆರೆಯಲ್ಲಿ ಯಾರೋ ಎದ್ದಿದ್ದಾರೆಂದು ಸಸಿ ಅರಿಯುತ್ತದೆ. ಅಂದರೆ ಜಗಳ ಆರಂಭವಾಗುವ ಮುನ್ನವೇ ಅದು ಜಗಳಕ್ಕೆ ಸಿದ್ಧವಾಗುತ್ತದೆ. ಕೆನಡದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ಸ್ವಾಂಟನ್ ಅವರ ತಂಡ ಇದನ್ನು ಮೆಕ್ಕೆಜೋಳದಲ್ಲಿ ಪರೀಕ್ಷಿಸಿತು. ಕುಂಡದಲ್ಲಿ ಮೆಕ್ಕೆಜೋಳ, ಸುತ್ತಲೂ ಬೇರೆ ಮಣ್ಣಿನಲ್ಲಿ ಹುಲ್ಲು. ಬೇರಿಗೆ ಬೇರು ತಾಗದಂತೆ, ನೆರಳು ಬೀಳದಂತೆ, ನೀರು ಗೊಬ್ಬರಗಳಿಗೆ ಕೊರತೆಯಾಗದಂತೆ ಏರ್ಪಾಡು. ಹುಲ್ಲು ಪೈರಿನಿಂದ ಏನೊಂದನ್ನೂ ಕಸಿಯುವಂತಿರಲಿಲ್ಲ. ಆದರೂ ಪೈರಿನ ಬೆಳವಣಿಗೆಯ ಕ್ರಮ ಬದಲಾಯಿತು. ಬೇರಿಗೂ ಚಿಗುರಿಗೂ ಇರಬೇಕಾದ ಅಳತೆ ತಪ್ಪಿತು.

ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಸಸಿಯ ಬಂಡವಾಳ ಸಣ್ಣದು. ನೆರೆಯವನ ಭಯದಿಂದ ಅದು ಕಾಂಡವನ್ನು ಉದ್ದ ಮಾಡಲು ಖರ್ಚು ಹಾಕಿದರೆ, ಬೇರಿನ ಖಾತೆಗೆ ಅಷ್ಟು ಕಡಿಮೆ ಜಮೆಯಾಗುತ್ತದೆ. ಮುಂದೆ ಮಳೆ ನಿಂತು ಹಿಂಗಾರಿ ಜೋಳ ನೆಲದಾಳದ ಹಸಿಯನ್ನೇ ನಂಬಿ ಬದುಕಬೇಕಾದಾಗ ಆ ಕೊರತೆ ಬಡ್ಡಿಸಹಿತ ಎದ್ದು ಕಾಣುತ್ತದೆ.

ಇಲ್ಲಿ ವಂಶವಾಹಿಗಳ ಮಾತು ಬರುತ್ತದೆ. ಕಳೆಯನ್ನು ಕಂಡ ಪೈರಿನ ವಂಶವಾಹಿಗಳು ಬದಲಾಗುತ್ತವೆಂದು ಯಾರೂ ತಿಳಿಯಬಾರದು. ಖಾತೆಪುಸ್ತಕ ಅದೇ, ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಆಜ್ಞೆ ಮಾತ್ರ ಬದಲಾಗುತ್ತದೆ. ಬಯಲಿನ ಬೆಳಕಿನಲ್ಲಿ ಫೈಟೋಕ್ರೋಮ್ ಚುರುಕಾಗಿದ್ದು, ಉದ್ದ ಬೆಳೆಯುವ ಪುಟಗಳನ್ನು ಮುಚ್ಚಿ ಹಿಡಿದಿರುತ್ತದೆ. ದೂರಗೆಂಪು ಹೆಚ್ಚಿದರೆ ಅದರ ಹಿಡಿತ ಸಡಿಲುತ್ತದೆ. ಆಕ್ಸಿನ್ ಎಂಬ ಬೆಳವಣಿಗೆಯ ರಸ ಹೆಚ್ಚಿ ಕಾಂಡ ಮೇಲಕ್ಕೇಳುತ್ತದೆ. ಅಮೆರಿಕದಲ್ಲಿ ಕಳೆಯ ನಡುವೆ ಬೆಳೆದ ಮೆಕ್ಕೆಜೋಳದ ವಂಶವಾಹಿಗಳನ್ನು ಒಟ್ಟಾಗಿ ಪರೀಕ್ಷಿಸಿದಾಗ, ಎಲೆಯಲ್ಲಿ ಆಹಾರ ತಯಾರಿಸುವ ಕೆಲಸಕ್ಕೆ ಸೇರಿದ ಪುಟಗಳೇ ಮಂಕಾಗಿದ್ದುದು ಕಂಡಿತು.

ನಮ್ಮ ಜೋಳದಲ್ಲಿಯೇ ಇದಕ್ಕೆ ನೇರವಾದ ಸಾಕ್ಷಿ ದೊರೆತಿದೆ. 1997ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಜೋಳದ ಒಂದು ವಿಚಿತ್ರ ತಳಿಯ ಗುಟ್ಟನ್ನು ಬಿಡಿಸಿದರು. ಬಟಾಬಯಲಿನಲ್ಲಿ ನಿಂತಿದ್ದರೂ ಆ ಜೋಳ ಸದಾ ನೆರಳಿನಲ್ಲಿರುವಂತೆ ಸಪೂರವಾಗಿ ಎತ್ತರ ಬೆಳೆದು ಬೇಗನೆ ಹೂವಿಗೆ ಬರುತ್ತಿತ್ತು. ಪರೀಕ್ಷಿಸಿ ನೋಡಿದರೆ ಅದರ ಫೈಟೋಕ್ರೋಮ್ ಬಿ ಎಂಬ ತಕ್ಕಡಿಯ ವಂಶವಾಹಿ ಕೆಟ್ಟಿತ್ತು. 2006ರಲ್ಲಿ ಅಲ್ಲಿಯವರೇ ಮತ್ತೊಂದು ಹೆಜ್ಜೆ ಮುಂದಿಟ್ಟರು. ಇಂಥ ಜೋಳ ತೆಂಡೆಯೊಡೆಯುವುದಿಲ್ಲ. ಸರಿಯಾದ ಜೋಳಕ್ಕೂ ದೂರಗೆಂಪು ಬೆಳಕು ತೋರಿಸಿದರೆ ಬುಡದ ಮೊಗ್ಗು ಮಲಗಿಬಿಡುತ್ತದೆ. ಮೊಗ್ಗನ್ನು ಮಲಗಿಸುವ ವಂಶವಾಹಿಯನ್ನೂ ಗುರುತಿಸಿದರು. ಕಳೆಯ ನಡುವಿನ ಪೈರಿನಲ್ಲಿ ತೆಂಡೆ ಕಡಿಮೆ ಎಂದು ನಮ್ಮ ರೈತರು ಹೇಳುತ್ತಿದ್ದುದಕ್ಕೆ ಕಾರಣ ಹೀಗೆ ಕೈಗೆ ಸಿಕ್ಕಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಅಕ್ಷರಶಃ ಜೋಳಕ್ಕೂ ಸಲ್ಲುತ್ತದೆ.

ನೆಲದ ಮೇಲಿನ ಕಥೆ ಇದಾಯಿತು. ನೆಲದೊಳಗೆ ಇನ್ನೊಂದು ಕಥೆಯುಂಟು. ಜೋಳ ಬಡಪಾಯಿಯಲ್ಲ. ಅದರ ಬೇರಿನ ಸೂಕ್ಷ್ಮ ರೋಮಗಳ ತುದಿಯಿಂದ ಹಳದಿ ಬಣ್ಣದ ಎಣ್ಣೆಯಂಥ ಹನಿ ಒಸರುತ್ತದೆ. ಸಾರ್ಗೋಲಿಯೋನ್ ಎಂದು ಅದರ ಹೆಸರು. ಪಕ್ಕದ ಸಣ್ಣ ಕಳೆಗಳ ಬೆಳವಣಿಗೆಯನ್ನು ಅದು ತಡೆಯುತ್ತದೆ. ಕಳೆನಾಶಕದ ಡಬ್ಬಿ ಹುಟ್ಟುವ ಮೊದಲೇ ಜೋಳ ತನ್ನ ಕಳೆನಾಶಕವನ್ನು ತಾನೇ ತಯಾರಿಸಿಕೊಂಡಿತ್ತು.

ಆದರೆ ಅದೇ ಬೇರು ತನ್ನ ಪರಮ ವೈರಿಯನ್ನೂ ಕೂಗಿ ಕರೆಯುತ್ತದೆ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯನ್ನು ತಾವು ಹಲವರು ಜೋಳದ ಹೊಲದಲ್ಲಿ ಕಂಡಿರಬಹುದು. ಗೇಣುದ್ದದ ಗಿಡ, ಸಣ್ಣ ಬಿಳಿಯ ಹೂವು. ಇಲ್ಲಿ ನಮ್ಮ ಮರಾಠಿ ನೆರೆಯವರು ಟಾರಫುಲಾ ಎನ್ನುತ್ತಾರೆ. ಅದರ ಬೀಜ ಧೂಳಿನಂತೆ ಸಣ್ಣದು. ಒಂದೇ ಗಿಡ ಸಾವಿರ ಸಾವಿರ ಬೀಜ ಚೆಲ್ಲುತ್ತದೆ. ಆ ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಕಾದಿರಬಲ್ಲದು. ಮಳೆ ಬಂದ ಮಾತ್ರಕ್ಕೆ ಅದು ಮೊಳೆಯದು. ಹತ್ತಿರದಲ್ಲಿ ತಕ್ಕ ಬೇರು ಬಂದಿದೆಯೆಂಬ ರಾಸಾಯನಿಕ ಸುಳಿವು ಸಿಕ್ಕರೆ ಮಾತ್ರ ಮೊಳೆತು, ಬೇರಿಗೆ ಅಂಟಿಕೊಂಡು, ಒಳಹೊಕ್ಕು ನೀರನ್ನೂ ಆಹಾರವನ್ನೂ ಹೀರುತ್ತದೆ. ನೆಲದ ಮೇಲೆ ಅದು ತಲೆಯೆತ್ತುವ ಹೊತ್ತಿಗೆ ಪೈರಿಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಆಗ ಕಿತ್ತರೆ ಈ ವರ್ಷದ ಲಾಭಕ್ಕಿಂತ, ಬೀಜ ಬೀಳದಂತೆ ತಡೆದ ಮುಂದಿನ ವರ್ಷಗಳ ಲಾಭವೇ ದೊಡ್ಡದು.

ಆ ಸುಳಿವಿನ ವಸ್ತುವನ್ನು 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಹತ್ತಿಯ ಬೇರಿನಿಂದ ಬೇರ್ಪಡಿಸಿ ಸ್ಟ್ರೈಗೋಲ್ ಎಂದು ಕರೆದರು. ವಿನೋದವೆಂದರೆ, ಹತ್ತಿಗೆ ಸ್ಟ್ರೈಗಾ ಅಂಟುವುದಿಲ್ಲ. ಹತ್ತಿಯ ಬೇರಿನ ಕರೆಗೆ ಓಗೊಟ್ಟು ಮೊಳೆತ ಬೀಜ ಆಸರೆಯಿಲ್ಲದೆ ಸಾಯುತ್ತದೆ. ನಮ್ಮ ಎರೆಹೊಲಗಳಲ್ಲಿ ಹಿರಿಯರು ಜೋಳ ಹತ್ತಿಗಳನ್ನು ಒಂದಾದ ಮೇಲೊಂದು ಬೆಳೆಯುತ್ತಿದ್ದ ಪದ್ಧತಿಯಲ್ಲಿ ಈ ಲಾಭವೂ ಅಡಗಿತ್ತು.

ವೈರಿಯನ್ನು ಕರೆಯುವ ವಸ್ತುವನ್ನು ಬೇರು ಏಕೆ ಒಸರಬೇಕು? ಈ ಒಗಟು ಬಹುಕಾಲ ಬಿಡಿಸದೆ ಉಳಿದಿತ್ತು. 2005ರಲ್ಲಿ ಜಪಾನಿನ ವಿಜ್ಞಾನಿಗಳು ಉತ್ತರ ಕೊಟ್ಟರು. ಆ ಕರೆ ವೈರಿಗಲ್ಲ, ಮಿತ್ರನಿಗೆ. ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ ಬೇರು ಒಂದು ಬಗೆಯ ಶಿಲೀಂಧ್ರವನ್ನು ಕರೆಯುತ್ತದೆ. ಶಿಲೀಂಧ್ರ ರಂಜಕವನ್ನು ತಂದುಕೊಟ್ಟು ಪ್ರತಿಯಾಗಿ ಸಕ್ಕರೆ ಪಡೆಯುತ್ತದೆ. ಆ ಕರೆಯನ್ನು ಸ್ಟ್ರೈಗಾ ಕದ್ದು ಕೇಳುತ್ತದೆ. ಸತ್ವ ಸೋತ ಹೊಲದಲ್ಲಿಯೇ ಈ ಕಳೆ ಹೆಚ್ಚೆಂಬ ರೈತರ ಮಾತಿಗೆ ಇದು ಸಮರ್ಥನೆ: ಮಣ್ಣು ಬಡವಾದಷ್ಟೂ ಬೇರಿನ ಕೂಗು ಜೋರು. ಆದ್ದರಿಂದ ತಿಪ್ಪೆಗೊಬ್ಬರ ಹಾಕುವುದು ಕಳೆಯ ವಿರುದ್ಧವೂ ಒಂದು ಉಪಾಯವೇ.

ಇದರ ಮುಂದಿನ ಅಧ್ಯಾಯ ತಳಿಗಳದು. ಭಾರತದ ಮೊದಲ ಸಂಕರ ಜೋಳ ಸಿ.ಎಸ್.ಎಚ್. 1 ಬಿಡುಗಡೆಯಾದುದು 1964ರಲ್ಲಿ. ಇಳುವರಿಯಲ್ಲಿ ಅದು ಹೆಸರು ಮಾಡಿತು. ಆದರೆ ಸ್ಟ್ರೈಗಾಕ್ಕೆ ಸುಲಭವಾಗಿ ತುತ್ತಾಯಿತು. ಅದೇ ದೇಶದ ಹಳೆಯ ಜೋಳಗಳಲ್ಲಿ ಎನ್. 13 ಎಂಬುದು ತಡೆದು ನಿಂತಿತು. ಅದರ ಬೇರಿನ ಒಳಗೋಡೆ ದಪ್ಪ. ಸ್ಟ್ರೈಗಾ ಬಾಗಿಲವರೆಗೆ ಬಂದರೂ ಒಳಹೊಗಲಾರದು. ಇನ್ನೊಂದು ಬಗೆಯ ತಡೆಯನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗೆಬಿಸಾ ಎಜೆಟಾ ಅವರು ಅರಸಿದರು. ಇಥಿಯೋಪಿಯದ ಹಳ್ಳಿಯಲ್ಲಿ ಹುಟ್ಟಿ ಹೊರದೇಶದಲ್ಲಿ ನೆಲಸಿದ ಈ ವಿಜ್ಞಾನಿ ತಾಯ್ನಾಡಿನ ಬೆಳೆಯನ್ನು ಮರೆಯಲಿಲ್ಲ. ಜೋಳದ ಮೇಲಿನ ಕೆಲಸಕ್ಕಾಗಿ 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಸಂದಿತು. 2017ರಲ್ಲಿ ಅವರ ತಂಡ ಎಲ್.ಜಿ.ಎಸ್. 1 ಎಂಬ ವಂಶವಾಹಿಯನ್ನು ಗುರುತಿಸಿತು. ಅದು ಕೆಲಸ ನಿಲ್ಲಿಸಿದ ಜೋಳಗಳಲ್ಲಿ ಬೇರು ಕೂಗುವುದನ್ನು ಬಿಡುವುದಿಲ್ಲ. ಕೂಗಿನ ಧಾಟಿ ಬದಲಾಗುತ್ತದೆ. ಆ ಧಾಟಿಗೆ ಸ್ಟ್ರೈಗಾದ ಬೀಜ ಏಳುವುದೇ ಅಪರೂಪ.

ಹಾಗಾದರೆ ಎಲ್ಲ ಜೋಳವೂ ಆ ಧಾಟಿಯನ್ನೇ ಏಕೆ ಹಿಡಿಯಲಿಲ್ಲ? 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆಫ್ರಿಕದಲ್ಲಿ ಸ್ಟ್ರೈಗಾ ಹೆಚ್ಚಿರುವ ಕಡೆಗಳ ನಾಡತಳಿಗಳಲ್ಲಿ ಈ ಬದಲಾವಣೆ ಹೆಚ್ಚು, ಬೇರೆಡೆ ಕಡಿಮೆ. ಈ ರಕ್ಷಣೆಗೆ ಪೈರು ಬೇರೊಂದು ಕಡೆ ಬೆಲೆ ತೆರುತ್ತಿರಬೇಕೆಂದು ವಿಜ್ಞಾನಿಗಳ ಊಹೆ. ವಿಮೆಗೆ ಕಂತು ಕಟ್ಟಬೇಕು. ಅಪಾಯವಿಲ್ಲದವನು ಕಂತನ್ನು ಏಕೆ ಕಟ್ಟಿಯಾನು?

ಕರಾವಳಿಯ ಬಂಧುಗಳು ಇದುವರೆಗೆ ತಮ್ಮ ಭತ್ತದ ಮಾತೇ ಬರಲಿಲ್ಲವೆಂದು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ನೇಜಿ ನೆಡುವ ಪದ್ಧತಿಯ ಮರ್ಮವೇ ಇದು: ತಿಂಗಳ ವಯಸ್ಸಿನ ಸಸಿಯನ್ನು ಕೆಸರಿನಲ್ಲಿ ಊರಿ ನೀರು ನಿಲ್ಲಿಸಿದರೆ, ಕಳೆಯ ಬೀಜ ಕಣ್ಣು ಬಿಡುವ ಮೊದಲೇ ಭತ್ತ ತಲೆಯೆತ್ತಿ ನಿಂತಿರುತ್ತದೆ. 1966ರಲ್ಲಿ ಐ.ಆರ್. 8, 1968ರಲ್ಲಿ ಜಯಾ ಬಂದವು. ಗಿಡ್ಡ ಕಾಂಡ, ತುಂಬಿದ ತೆನೆ. ಆದರೆ ಎತ್ತರದ ಹಳೆಯ ತಳಿಗಳಂತೆ ಇವು ಕಳೆಯನ್ನು ನೆರಳಿನಿಂದ ಅದುಮಲಾರವು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿ ಗಿಡ್ಡ ತಳಿಯನ್ನೂ ಎತ್ತರದ ತಳಿಯನ್ನೂ ಬೆರೆಸಿ ಬೆಳೆದಾಗ, ಕೆಲವೇ ಹಂಗಾಮುಗಳಲ್ಲಿ ಗಿಡ್ಡದ್ದು ಬಹುತೇಕ ಮಾಯವಾಯಿತು. ಒಂಟಿಯಾಗಿ ಬೆಳೆದಾಗ ಹೆಚ್ಚು ಕೊಡುತ್ತಿದ್ದುದೂ ಅದೇ! 1968ರಲ್ಲಿ ಆಸ್ಟ್ರೇಲಿಯದ ಡೊನಾಲ್ಡ್ ಎಂಬ ವಿಜ್ಞಾನಿ ಇಂಥದೇ ಒಂದು ತತ್ವವನ್ನು ಕಟ್ಟಿದರು. ನೆರೆಯ ಪೈರಿನೊಡನೆ ಹೊಡೆದಾಡದ ಪೈರೇ ಒಟ್ಟು ಹೊಲಕ್ಕೆ ಹೆಚ್ಚು ಕಾಳು ಕೊಡುತ್ತದೆ. ಸೌಮ್ಯ ಸ್ವಭಾವದ ಪೈರಿಗೆ ಇಳುವರಿ ಹೆಚ್ಚು, ಆದರೆ ಕಳೆಯ ಮುಂದೆ ಅದು ಅಬಲ. ಆದ್ದರಿಂದ ಅದರ ಪರವಾಗಿ ಮನುಷ್ಯನ ಕೈಯೇ ಹೋರಾಡಬೇಕು. ಹೊಸ ತಳಿಯ ಬೀಜ ಕೊಂಡವನು ಕಳೆ ತೆಗೆಯುವ ಕರಾರಿಗೂ ರುಜು ಹಾಕಿದ್ದಾನೆಂದೇ ತಿಳಿಯಬೇಕು.

ಆ ಕೈಯ ಮಹಿಮೆಯೂ ಅಲ್ಪವಲ್ಲ. ಚೀನದ ಯಾಂಗ್ಟ್ಸಿ ನದಿಯ ಬಯಲಿನಲ್ಲಿ ಭತ್ತದ ನಡುವೆ ಬೆಳೆಯುವ ಎಕಿನೊಕ್ಲೋವ ಎಂಬ ಹುಲ್ಲು ಭತ್ತದಂತೆಯೇ ನೆಟ್ಟಗೆ ನಿಂತು, ಬುಡದ ಕೆಂಪನ್ನು ಬಿಟ್ಟು ಹಸಿರಾಗಿ, ಭತ್ತದ ವೇಷ ಧರಿಸಿದೆ. 2019ರ ಒಂದು ಅಧ್ಯಯನ ಈ ವೇಷ ಸುಮಾರು ಸಾವಿರ ವರ್ಷಗಳ ಹಿಂದಿನಿಂದ ರೂಪುಗೊಂಡುದೆಂದು ಅದರ ವಂಶವಾಹಿಗಳಿಂದ ಲೆಕ್ಕ ಹಾಕಿದೆ. ಬೇರೆಯಾಗಿ ಕಂಡ ಹುಲ್ಲನ್ನೆಲ್ಲ ಕೈ ಕಿತ್ತುಹಾಕಿತು. ಭತ್ತದಂತೆ ಕಂಡದ್ದು ಉಳಿದು ಬೀಜವಾಯಿತು. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಿಂತವರ ಕಣ್ಣೂ ಕೈಯೂ ಸಾವಿರ ವರ್ಷ ಒಂದು ಸಸ್ಯದ ವಂಶವನ್ನೇ ತಿದ್ದಿದವು. ರಷ್ಯದ ವಾವಿಲೋವ್ ಅವರು ತೋರಿಸಿಕೊಟ್ಟಂತೆ, ಯೂರೋಪಿನ ರೈ ಧಾನ್ಯ ಮೊದಲು ಗೋದಿಯ ಹೊಲದ ಕಳೆಯಾಗಿತ್ತು. ಚಳಿಯ ನಾಡಿನಲ್ಲಿ ಗೋದಿ ಸೋತಾಗ ಅದೇ ಬೆಳೆಯಾಯಿತು. ಕಳೆ ಎಂಬುದು ಜಾತಿಯ ಹೆಸರಲ್ಲ, ಆ ಹೊತ್ತಿನ ಸ್ಥಾನದ ಹೆಸರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೊಲದ ಈ ಲೆಕ್ಕವನ್ನು ಮನುಷ್ಯರಿಗೆ ಹಚ್ಚುವುದು ಸಲ್ಲದು. 1960ರ ದಶಕದ ಕೊನೆಯ ವರ್ಷಗಳಲ್ಲಿ ಈ ನಗರದಲ್ಲಿ ದಕ್ಷಿಣದವರು ಪರಕೀಯರೆಂಬ ಕೂಗೆದ್ದುದನ್ನು ನಮ್ಮ ಹಿರಿಯರು ಮರೆತಿಲ್ಲ. ಕಳೆ ಎಂಬ ಶಬ್ದವನ್ನು ಮನುಷ್ಯನ ಮೇಲೆ ಎಸೆದಾಗ ಅದು ಎಲ್ಲಿ ತಾಗುತ್ತದೆಂಬುದು ವಲಸೆ ಬಂದವರಿಗೆ ಗೊತ್ತು. ಇಂದು ನಮ್ಮ ಬಳಿಕ ಬಂದವರ ವಿಷಯದಲ್ಲಿ ನಾವು ಆ ಶಬ್ದವನ್ನು ಬಳಸದಿರೋಣ.

ಇನ್ನು ಕೆಲಸದ ಮಾತು. ಊರಿಗೆ ಹಣ ಕಳಿಸುವಾಗ ಬೀಜ ಗೊಬ್ಬರಗಳಿಗೆ ಎಂದು ಬಿತ್ತನೆಗೆ ಮೊದಲು ಕಳಿಸುತ್ತೇವೆ. ರಾಶಿಯ ಖರ್ಚಿಗೆ ಎಂದು ಸುಗ್ಗಿಯಲ್ಲಿ ಕಳಿಸುತ್ತೇವೆ. ನಡುವಿನ ಕಳೆಯ ಕೂಲಿಯನ್ನು ಊರಿನವರು ಹೇಗೋ ಸರಿದೂಗಿಸಲಿ ಎಂದು ಬಿಡುತ್ತೇವೆ. ಅಲ್ಲಿ ಆಳು ಸಿಗುವುದು ಕಷ್ಟ, ಕೂಲಿ ಏರಿದೆ. ಕೈಯಲ್ಲಿ ಹಣವಿಲ್ಲದೆ ಎರಡು ವಾರ ಮುಂದೆ ಹೋಗುತ್ತದೆ. ಪೈರಿನ ಮಟ್ಟಿಗೆ ಆ ಎರಡು ವಾರವೇ ತೀರ್ಪಿನ ಕಾಲ. ಆರನೆಯ ವಾರದ ಸಾವಿರ ರೂಪಾಯಿ ಮೂರನೆಯ ವಾರದ ಸಾವಿರ ರೂಪಾಯಿಯ ಕೆಲಸ ಮಾಡಲಾರದು. ಮುಂದೆ ಕಳಿಸುವ ಹಣದಲ್ಲಿ ಒಂದು ಪಾಲನ್ನು ಬಿತ್ತಿದ ಮೂರನೆಯ ವಾರಕ್ಕೆ ಮೀಸಲಿಡಬೇಕೆಂದು ತಮ್ಮಲ್ಲಿ ನನ್ನ ವಿನಂತಿ. ಆ ಹಣ ಕುರ್ಪಿ ಹಿಡಿದ ತಾಯಂದಿರ ಕೈಗೆ ಸೇರುವ ಕೂಲಿ ಎಂಬುದೂ ನೆನಪಿರಲಿ.

ಮಕ್ಕಳಿಗೆ ಒಂದು ಸಣ್ಣ ಪ್ರಯೋಗ ಹೇಳಿ ಮುಗಿಸುತ್ತೇನೆ. ಮನೆಯ ಗ್ಯಾಲರಿಯಲ್ಲಿ ಬಿಸಿಲು ಬೀಳುವ ಕಡೆ ಎರಡು ಡಬ್ಬಿಗಳಲ್ಲಿ ಮಣ್ಣು ತುಂಬಿ ಒಂದೊಂದು ಜೋಳ ಊರಿರಿ. ಒಂದು ಡಬ್ಬಿಯನ್ನು ಒಂಟಿಯಾಗಿ ಬಿಡಿ. ಇನ್ನೊಂದರ ಸುತ್ತ ಗೋದಿಯ ಸಸಿ ಬೆಳೆಸಿದ ನಾಲ್ಕು ಬಟ್ಟಲುಗಳನ್ನಿಡಿ. ಗೋದಿ ಜೋಳಕ್ಕಿಂತ ಎತ್ತರವಾಗದಂತೆ ಕತ್ತರಿಸುತ್ತಿರಿ. ಎರಡಕ್ಕೂ ಸಮನಾಗಿ ನೀರು ಹಾಕಿ, ತಿಂಗಳ ಕಾಲ ವಾರಕ್ಕೊಮ್ಮೆ ಎತ್ತರವನ್ನೂ ಕಾಂಡದ ದಪ್ಪವನ್ನೂ ಬರೆದಿಡಿ. ಕಡೆಯಲ್ಲಿ ಬೇರುಗಳನ್ನು ತೊಳೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದೇ ಸಲಕ್ಕೆ ತೀರ್ಮಾನಕ್ಕೆ ಬರಬೇಡಿ. ನಾಲ್ಕಾರು ಮನೆಗಳ ಲೆಕ್ಕ ಸೇರಿಸಿ. ಜೋಳದ ಪೈರನ್ನೇ ಕಾಣದೆ ರೊಟ್ಟಿ ತಿಂದು ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅದು ನಾಡಿನ ಪರಿಚಯವೂ ಆದೀತು. ಮುಂದಿನ ಸಭೆಗೆ ಅವರು ತಮ್ಮ ಲೆಕ್ಕದ ಹಾಳೆಗಳನ್ನು ತಂದರೆ, ಕೂಡಿಸಿ ಸರಾಸರಿ ತೆಗೆಯುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.